ರೆಡಿಮೇಡೋ, ಹೊಲಿಸುವುದೋ: ಭುಜ ನೋಡಿ ತೀರ್ಮಾನಿಸಿ

ಟ್ರಯಲ್ ರೂಮಿನಲ್ಲಿ ಅಂಗಿ ತೊಟ್ಟ ಕೂಡಲೇ ಹೆಚ್ಚಿನವರ ಕಣ್ಣು ಹೋಗುವುದು ಹೊಟ್ಟೆಯ ಕಡೆಗೆ. ಬಿಗಿಯಾಯಿತೇ, ಸಡಿಲವಾಯಿತೇ ಎಂದು ಅಲ್ಲೇ ಹಿಡಿದು ನೋಡುತ್ತಾರೆ. ಮೊದಲು ನೋಡಬೇಕಾದದ್ದು ಭುಜವನ್ನು. ಹೊಟ್ಟೆಯ ಹತ್ತಿರ ಬಟ್ಟೆ ಸಡಿಲವಾಗಿದ್ದರೆ ಪಕ್ಕದ ಹೊಲಿಗೆಯನ್ನು ಒಳಗೆ ಹಿಡಿದರೆ ಕೆಲಸ ಮುಗಿಯಿತು. ಭುಜದ ಹೊಲಿಗೆ ಒಂದು ಇಂಚು ತೋಳಿನ ಮೇಲೆ ಇಳಿದಿದ್ದರೆ ಹಾಗಲ್ಲ. ತೋಳನ್ನು ಪೂರ್ತಿ ಬಿಚ್ಚಬೇಕು, ಭುಜ ಕತ್ತರಿಸಬೇಕು, ತೋಳು ಕೂಡುವ ಸುತ್ತನ್ನು, ಅಂದರೆ ಆರ್ಮ್‌ಹೋಲ್ ಅನ್ನು ತಿದ್ದಬೇಕು, ಆ ಹೊಸ ಸುತ್ತಿಗೆ ಹೊಂದುವಂತೆ ತೋಳಿನ ತಲೆಭಾಗವನ್ನೂ ಕತ್ತರಿಸಿ ಮತ್ತೆ ಕೂಡಿಸಬೇಕು. ಇಷ್ಟೆಲ್ಲ ಮಾಡಿದರೂ ಎದೆಯ ಜೇಬು ಕಂಕುಳಿನ ಪಕ್ಕ ಸರಿದಂತೆ ಕಾಣುತ್ತದೆ. ಭುಜ ಕಿರಿದಾಗಿದ್ದರಂತೂ ದಾರಿಯೇ ಇಲ್ಲ. ಇಲ್ಲದ ಬಟ್ಟೆಯನ್ನು ಯಾರೂ ತಂದು ಸೇರಿಸಲಾರರು.

ರೆಡಿಮೇಡ್ ಕೊಳ್ಳುವುದೋ, ಅಳತೆ ಕೊಟ್ಟು ಹೊಲಿಸುವುದೋ ಎಂಬುದಕ್ಕೆ ಇದೇ ಅಳತೆಗೋಲು. ಮೇಲುಡುಗೆಯಲ್ಲಿ ಭುಜದ ಅಗಲ ಮತ್ತು ಆರ್ಮ್‌ಹೋಲ್, ಪ್ಯಾಂಟಿನಲ್ಲಿ ರೈಸ್, ಅಂದರೆ ಸೊಂಟದ ಪಟ್ಟಿಯಿಂದ ಎರಡು ಕಾಲು ಕೂಡುವ ಜಾಗದವರೆಗಿನ ಉದ್ದ: ಈ ಮೂರನ್ನು ಆಮೇಲೆ ತಿದ್ದುವುದು ಕಷ್ಟ. ಇವು ರೆಡಿಮೇಡಿನಲ್ಲಿ ಸರಿಯಾಗಿ ಕೂತರೆ ಅದನ್ನೇ ತೆಗೆದುಕೊಳ್ಳಿ, ಮಿಕ್ಕಿದ್ದನ್ನು ಆಲ್ಟರ್ ಮಾಡಿಸಿ. ಎರಡು ಮೂರು ಬ್ರ್ಯಾಂಡ್ ಹಾಕಿ ನೋಡಿದರೂ ಕೂರದಿದ್ದರೆ ಹುಡುಕಾಟ ಬಿಟ್ಟು ಹೊಲಿಸಿ.

ಸೈಜ್ ನಂಬರು ಹೇಳದ ಸಂಗತಿ

ಕಾರ್ಖಾನೆಯಲ್ಲಿ ಒಂದು ಅಂಗಿಯ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸುವ ಮಾದರಿ, ತಯಾರಾಗುವುದು ಒಂದೇ ಸೈಜಿಗೆ, ಸಾಮಾನ್ಯವಾಗಿ ಮಧ್ಯದ ಸೈಜಿಗೆ. ಉಳಿದವೆಲ್ಲ ಅದನ್ನು ಲೆಕ್ಕಾಚಾರದಿಂದ ಹಿಗ್ಗಿಸಿ, ಕುಗ್ಗಿಸಿ ಮಾಡಿದವು. ಗಂಡಸರ ಅಂಗಿಯಲ್ಲಿ ಎದೆಸುತ್ತು ಸಾಮಾನ್ಯವಾಗಿ ಸೈಜಿಗೆ 2 ಇಂಚು, ಅಂದರೆ ಸುಮಾರು 5 ಸೆಂ.ಮೀ. ಏರುತ್ತದೆ. ಅದರ ಜೊತೆಗೇ ಭುಜ, ಕುತ್ತಿಗೆ, ತೋಳಿನ ಉದ್ದವೂ ನಿಗದಿತ ಪ್ರಮಾಣದಲ್ಲಿ ಏರುತ್ತವೆ. ಹೊಟ್ಟೆ ಬಂದವರ ಭುಜವೂ ಅಗಲ, ಕೈಯೂ ಉದ್ದ ಎಂದು ಪ್ಯಾಟರ್ನ್ ಭಾವಿಸಿಕೊಂಡಿರುತ್ತದೆ. ನಿಜವಾದ ಮೈ ಹಾಗೆ ಬೆಳೆಯುವುದಿಲ್ಲ. ಹೊಟ್ಟೆಗೆಂದು ಎರಡು ಸೈಜ್ ಮೇಲಕ್ಕೆ ಹೋದವರ ಕಫ್ ಹೆಬ್ಬೆರಳನ್ನು ಮುಚ್ಚುವುದು ಇದರಿಂದಲೇ.

ನಂಬರು ಎಲ್ಲೆಡೆ ಒಂದೇ ಅಲ್ಲ. ಅಮೆರಿಕದಲ್ಲಿ ಹೆಂಗಸರ ಉಡುಪಿಗೆ 1958ರಲ್ಲಿ ಸೈಜ್ ಮಾನದಂಡವೊಂದನ್ನು ಪ್ರಕಟಿಸಿದರು, 1970ರಲ್ಲಿ ಪರಿಷ್ಕರಿಸಿದರು, 1983ರಲ್ಲಿ ಕೈಬಿಟ್ಟರು. ಅಲ್ಲಿಂದೀಚೆಗೆ ಅಲ್ಲಿನ ಪ್ರತಿ ಕಂಪನಿಯೂ ತನ್ನದೇ ಕೋಷ್ಟಕ ಇಟ್ಟುಕೊಂಡಿದೆ. ಯುರೋಪಿನ ಇಎನ್ 13402 ಮಾನದಂಡ ದೇಹದ ಅಳತೆಯನ್ನೇ ಸೆಂಟಿಮೀಟರಿನಲ್ಲಿ ಬರೆಯಲು ಹೇಳುತ್ತದೆ. ಅಂಥ ಲೇಬಲ್ ಕಂಡರೆ ನಂಬರಿಗಿಂತ ಅದನ್ನು ನಂಬಿ.

ಒಂದೇ ಬ್ರ್ಯಾಂಡಿನ, ಒಂದೇ ಸೈಜಿನ ಎರಡು ಪೀಸುಗಳೂ ತುಸು ಬೇರೆ ಇರಬಹುದು. ಬಟ್ಟೆಯನ್ನು ಹತ್ತಾರು ಪದರ ಒಂದರ ಮೇಲೊಂದು ಹಾಸಿ ಒಟ್ಟಿಗೆ ಕತ್ತರಿಸುತ್ತಾರೆ. ಬ್ಲೇಡ್ ವಾಲಿದರೆ ಮೇಲಿನ ಪದರಕ್ಕೂ ತಳದ ಪದರಕ್ಕೂ ಅಳತೆ ಬದಲಾಗುತ್ತದೆ. ಹೊಲಿದ ಮೇಲೆ ಒಗೆದು ಬಣ್ಣ ಇಳಿಸುವ ಜೀನ್ಸಿನಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಹಾಗಾಗಿ ಹಾಕಿ ನೋಡಿದ ಪೀಸನ್ನೇ ಕೊಳ್ಳಿ. ‘ಪ್ಯಾಕ್ ಒಡೆಯದ ಹೊಸ ಪೀಸ್ ಕೊಡುತ್ತೇವೆ’ ಎಂದರೆ ಅದನ್ನೂ ತೊಟ್ಟು ನೋಡಿ.

ಮೈ ಅಳೆಯುವ ಕ್ರಮ

ಹೊಲಿಸುವವರಿಗೆ ಮಾತ್ರವಲ್ಲ, ಆನ್‌ಲೈನಿನಲ್ಲಿ ರೆಡಿಮೇಡ್ ತರಿಸುವವರಿಗೂ ಇದು ಬೇಕು. ಹಿಗ್ಗದ ಫೈಬರ್‌ಗ್ಲಾಸ್ ಟೇಪು ತೆಗೆದುಕೊಳ್ಳಿ. ಹಳೆಯ ಟೇಪಾದರೆ ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ತಾಳೆ ನೋಡಿ. ತುದಿಯ ಲೋಹದ ಪಟ್ಟಿ ಸಡಿಲವಾಗಿ ಅರ್ಧ ಸೆಂಟಿಮೀಟರ್ ತಿಂದಿರುವುದುಂಟು. ತೆಳುವಾದ ಬನಿಯನ್ ಅಥವಾ ಒಳಉಡುಪಿನ ಮೇಲೆ, ಇನ್ನೊಬ್ಬರಿಂದ ಅಳೆಸಿ. ತಾನೇ ಅಳೆದುಕೊಂಡರೆ ಕೈ ಎತ್ತಿದಾಗ ಎದೆ, ಭುಜ ಎರಡೂ ಬದಲಾಗುತ್ತವೆ.

ಭುಜದ ಅಳತೆಯಲ್ಲಿ ತಪ್ಪುವುದು ಅದರ ತುದಿ ಗೊತ್ತಾಗದೆ. ಕೈಯನ್ನು ಪಕ್ಕಕ್ಕೆ, ನೆಲಕ್ಕೆ ಸಮನಾಗಿ ಎತ್ತಿದರೆ ಭುಜದ ಕೊನೆಯಲ್ಲಿ ಒಂದು ಚಿಕ್ಕ ಗುಳಿ ಬೀಳುತ್ತದೆ. ಅದರ ಮೇಲೆ ಬೆರಳಿಟ್ಟು ಕೈಯನ್ನು ನಿಧಾನವಾಗಿ ಇಳಿಸಿ. ಬೆರಳು ನಿಂತ ಜಾಗವೇ ಭುಜದ ತುದಿ, ತೋಳಿನ ಹೊಲಿಗೆ ಬರಬೇಕಾದದ್ದೂ ಅಲ್ಲಿಗೇ. ಎರಡೂ ಕಡೆ ಚಾಕ್‌ಪೀಸಿನಿಂದ ಗುರುತು ಹಾಕಿ. ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಉಬ್ಬಿ ಬರುವ ಮೂಳೆಯ ಮೇಲೆ ಹಾದು, ಒಂದು ಗುರುತಿನಿಂದ ಇನ್ನೊಂದಕ್ಕೆ ಬೆನ್ನ ಮೇಲೆ ಟೇಪು ಹಿಡಿಯಿರಿ. ಬಳಿಕ ಆ ಮೂಳೆಯಿಂದ ಎಡಕ್ಕೆಷ್ಟು, ಬಲಕ್ಕೆಷ್ಟು ಎಂದು ಬೇರೆಬೇರೆಯಾಗಿಯೂ ಬರೆದುಕೊಳ್ಳಿ. ಬಹಳ ಜನರಿಗೆ ಒಂದು ಭುಜ ಇನ್ನೊಂದಕ್ಕಿಂತ ತುಸು ಕೆಳಗಿರುತ್ತದೆ. ಅದು ಕಣ್ಣಿಗೆ ಕಾಣುವಷ್ಟಿದ್ದರೆ ರೆಡಿಮೇಡ್ ಕೋಟು ಆ ಬದಿಯ ಕಂಕುಳಿನ ಕೆಳಗೆ ಓರೆಯಾಗಿ ಮಡಿಕೆ ಬೀಳುತ್ತದೆ.

ಉಳಿದವು ಸುಲಭ. ಎದೆಯನ್ನು ಅತಿ ಉಬ್ಬಿದ ಜಾಗದಲ್ಲಿ, ಟೇಪು ಬೆನ್ನಿನಲ್ಲಿ ಜಾರದಂತೆ ನೆಲಕ್ಕೆ ಸಮನಾಗಿ ಹಿಡಿದು, ಸಹಜವಾಗಿ ಉಸಿರಾಡುವಾಗ ಅಳೆಯಿರಿ. ತೋಳಿನ ಉದ್ದಕ್ಕೆ ಮೊಣಕೈಯನ್ನು ಸ್ವಲ್ಪ ಬಗ್ಗಿಸಿ, ಭುಜದ ಗುರುತಿನಿಂದ ಮೊಣಕೈ ಮೇಲಾಗಿ ಮಣಿಕಟ್ಟಿನ ಮೂಳೆಯವರೆಗೆ ಹಿಡಿಯಿರಿ. ಕೈ ನೆಟ್ಟಗಿಟ್ಟು ಅಳೆದರೆ ಮೇಜಿನ ಮೇಲೆ ಕೈ ಊರಿದಾಗ ಕಫ್ ಹಿಂದಕ್ಕೆ ಓಡುತ್ತದೆ. ಕುತ್ತಿಗೆಗೆ ಟೇಪಿನೊಳಗೆ ಎರಡು ಬೆರಳು ಆಡಬೇಕು. ಪ್ಯಾಂಟಿನ ಸೊಂಟವನ್ನು ನೀವು ಪ್ಯಾಂಟು ಕಟ್ಟುವ ಜಾಗದಲ್ಲೇ ಅಳೆಯಿರಿ. ಹೊಕ್ಕುಳಿನ ಮೇಲೋ ಕೆಳಗೋ ಎಂಬುದರಿಂದ ಹಲವು ಸೆಂಟಿಮೀಟರ್ ವ್ಯತ್ಯಾಸವಾಗುತ್ತದೆ. ಸೀಟಿನ, ಅಂದರೆ ಪೃಷ್ಠದ, ಸುತ್ತಳತೆ ಅತಿ ಅಗಲವಾದಲ್ಲಿ. ರೈಸ್ ತಿಳಿಯಲು ಗಟ್ಟಿ ಕುರ್ಚಿಯ ಮೇಲೆ ನೆಟ್ಟಗೆ ಕೂತು, ಪಕ್ಕದಲ್ಲಿ ಸೊಂಟದಿಂದ ಕುರ್ಚಿಯ ಹಲಗೆಯವರೆಗೆ ಅಳೆದು 1.5ರಿಂದ 2 ಸೆಂ.ಮೀ. ಸೇರಿಸಿ. ಪ್ರತಿಯೊಂದನ್ನೂ ಎರಡು ಸಲ ಅಳೆಯಿರಿ; ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯ ಸಲವೂ ಅಳೆಯಿರಿ.

ಮೈಯಳತೆ ಬೇರೆ, ಬಟ್ಟೆಯಳತೆ ಬೇರೆ

ಅತಿ ಹೆಚ್ಚು ಬಟ್ಟೆ ಕೆಡುವುದು ಈ ಗೊಂದಲದಿಂದ. ಎದೆಸುತ್ತು 96 ಸೆಂ.ಮೀ. ಇದ್ದವರಿಗೆ 96ರ ಅಂಗಿ ಹೊಲಿದರೆ ಗುಂಡಿ ಹಾಕಲಾಗದು. ಮೈಗಿಂತ ಬಟ್ಟೆ ಎಷ್ಟು ದೊಡ್ಡದಿರಬೇಕು ಎಂಬುದನ್ನು ಸಡಿಲ ಎನ್ನೋಣ. ಹಿಗ್ಗದ ಬಟ್ಟೆಯ ಅಂಗಿಗೆ ಎದೆಯಲ್ಲಿ 8ರಿಂದ 10 ಸೆಂ.ಮೀ. ಸಡಿಲವಿದ್ದರೆ ಮೈಗೆ ಹತ್ತಿರ ಕೂರುತ್ತದೆ, 12ರಿಂದ 15 ಇದ್ದರೆ ಆರಾಮ, 20 ದಾಟಿದರೆ ಪಕ್ಕದಲ್ಲಿ ಬಟ್ಟೆ ಜೋಲುತ್ತದೆ. ಪ್ಯಾಂಟಿನ ಸೀಟಿಗೆ 5ರಿಂದ 8 ಸಾಕು. ಸೊಂಟಕ್ಕೆ 1ರಿಂದ 2. ಟಿ-ಶರ್ಟಿನಂಥ ಹೆಣಿಗೆ ಬಟ್ಟೆ ತಾನೇ ಹಿಗ್ಗುವುದರಿಂದ ಸಡಿಲ ಬಹಳ ಕಡಿಮೆ ಸಾಕು, ಕೆಲವಕ್ಕೆ ಬೇಕೇ ಇಲ್ಲ.

ಸೈಜ್ ಚಾರ್ಟಿನಲ್ಲಿ ‘ಎದೆ 40’ ಎಂದಿದ್ದರೆ ಅದು ಮೈಯದೋ ಅಂಗಿಯದೋ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಚಾರ್ಟಿನ ಅಳತೆ ಬಟ್ಟೆಯದಾಗಿದ್ದು ನೀವು ಮೈಯಳತೆಗೆ ಹೊಂದಿಸಿ ತರಿಸಿದರೆ ಬಿಗಿ ಬರುತ್ತದೆ. ತಿರುಗಾಮುರುಗಾ ಆದರೆ ದೊಗಲೆ. ಟೈಲರ್ ಹತ್ತಿರವೂ ಇದೇ ಅಪಾಯ: ಸರಿಯಾಗಿ ಕೂರುವ ಹಳೆಯ ಅಂಗಿಯನ್ನು ನೀವೇ ಅಳೆದು, ಆ ಅಂಕಿಗಳನ್ನು ಮೈಯಳತೆಯೆಂದು ಹೇಳಿದರೆ ಅವರು ಅದರ ಮೇಲೆ ಮತ್ತೆ ಸಡಿಲ ಸೇರಿಸುತ್ತಾರೆ. ಅಂಕಿಯ ಬದಲು ಅಂಗಿಯನ್ನೇ ಕೊಟ್ಟು, ‘ಇದರಂತೆ, ಆದರೆ ತೋಳು ಒಂದು ಸೆಂಟಿಮೀಟರ್ ಉದ್ದ’ ಎಂದು ಬದಲಾವಣೆಯನ್ನು ಮಾತ್ರ ಬರೆದುಕೊಡಿ.

ಇಷ್ಟವಾದ ಅಂಗಿಯನ್ನು ಅಳೆಯಲು ಗುಂಡಿ ಹಾಕಿ ಮೇಜಿನ ಮೇಲೆ ಸುಕ್ಕಿಲ್ಲದೆ ಹರಡಿ, ಒಂದು ಕಂಕುಳಿನ ಹೊಲಿಗೆಯಿಂದ ಇನ್ನೊಂದಕ್ಕೆ ಅಳೆದು ಎರಡರಿಂದ ಗುಣಿಸಿ. ಅದರಿಂದ ನಿಮ್ಮ ಎದೆಸುತ್ತು ಕಳೆದರೆ ನಿಮಗೆ ಹಿತವೆನಿಸುವ ಸಡಿಲ ಎಷ್ಟೆಂದು ಗೊತ್ತಾಗುತ್ತದೆ. ಆ ಒಂದು ಅಂಕಿಯಿಂದ ಮುಂದೆ ಯಾವ ಚಾರ್ಟನ್ನಾದರೂ ಓದಬಹುದು.

ಸುಕ್ಕು ಓದುವುದು

ತೊಟ್ಟು ನೋಡುವಾಗ ಕನ್ನಡಿಗೆ ಎದುರಾಗಿ ನೆಟ್ಟಗೆ ನಿಲ್ಲಿ. ತಲೆ ಬಗ್ಗಿಸಿ ನೋಡಿದರೆ ಬಟ್ಟೆಯೂ ಬಾಗುತ್ತದೆ. ಸುಕ್ಕು ಎಲ್ಲಿಂದ ಎಲ್ಲಿಗೆ ಎಳೆಯುತ್ತದೋ ಅಲ್ಲಿ ಬಟ್ಟೆ ಸಾಲದು. ಸುಮ್ಮನೆ ಮಡಿಕೆಯಾಗಿ ಜೋತರೆ ಅಲ್ಲಿ ಬಟ್ಟೆ ಹೆಚ್ಚು. ಇದೊಂದು ಗೊತ್ತಿದ್ದರೆ ಹೆಚ್ಚಿನದು ತಾನೇ ತಿಳಿಯುತ್ತದೆ.

ಗುಂಡಿಯ ಸುತ್ತ ಗುಣಾಕಾರ ಚಿಹ್ನೆಯಂತೆ ಸುಕ್ಕು ಬಿದ್ದರೆ ಅಲ್ಲಿ ಬಿಗಿ. ಕಾಲರಿನ ಕೆಳಗೆ ಬೆನ್ನಿನಲ್ಲಿ ಅಡ್ಡ ಮಡಿಕೆ ನಿಂತರೆ ನಿಮ್ಮ ಭುಜ ಪ್ಯಾಟರ್ನಿನದಕ್ಕಿಂತ ಚಪ್ಪಟೆ. ಕುತ್ತಿಗೆಯ ಬುಡದಿಂದ ಕಂಕುಳಿನ ಕಡೆಗೆ ಓರೆ ಮಡಿಕೆ ಇಳಿದರೆ ಭುಜ ಇಳಿಜಾರು. ಕೋಟಿನ ಕಾಲರ್ ಹಿಂದೆ ಅಂಗಿಯ ಕಾಲರಿನಿಂದ ಬೇರ್ಪಟ್ಟು ಬಾಯಿ ತೆರೆದರೆ ಆ ಕೋಟನ್ನು ಬಿಡಿ, ಅದನ್ನು ಸರಿಮಾಡಲು ಬೆನ್ನು ಭುಜ ಎರಡನ್ನೂ ಬಿಚ್ಚಬೇಕಾಗುತ್ತದೆ. ಪ್ಯಾಂಟಿನ ಪಕ್ಕದ ಜೇಬು ಕಿವಿಯಂತೆ ಹೊರಗೆ ಅರಳಿದರೆ ಸೀಟು ಬಿಗಿ. ಮುಂದೆ ಕಾಲು ಕೂಡುವ ಜಾಗದಿಂದ ತೊಡೆಯತ್ತ ಮೀಸೆಯಂತೆ ಸುಕ್ಕು ಚಾಚಿದರೆ ತೊಡೆ ಬಿಗಿ ಅಥವಾ ರೈಸ್ ಕಡಿಮೆ.

ಆಮೇಲೆ ಕೂತು, ಬಗ್ಗಿ, ಎರಡೂ ಕೈ ಮುಂದೆ ಚಾಚಿ ನೋಡಿ. ಕೈ ಎತ್ತಿದಾಗ ಅಂಗಿ ಪೂರ್ತಿ ಮೇಲಕ್ಕೆ ಬಂದು ಪ್ಯಾಂಟಿನಿಂದ ಕಳಚಿಕೊಂಡರೆ ಹಲವರು ಅಂಗಿಯ ಉದ್ದ ಸಾಲದು ಎನ್ನುತ್ತಾರೆ. ಕಾರಣ ಹೆಚ್ಚಾಗಿ ಆರ್ಮ್‌ಹೋಲಿನಲ್ಲಿರುತ್ತದೆ. ಅದು ಕಂಕುಳಿಗಿಂತ ಬಹಳ ಕೆಳಗಿದ್ದರೆ ತೋಳು ಮೈಭಾಗಕ್ಕೆ ಕೆಳಗಡೆ ಅಂಟಿಕೊಂಡಿರುತ್ತದೆ; ಕೈ ಏರಿದಂತೆ ಮೈಭಾಗವನ್ನೂ ಎಳೆದೊಯ್ಯುತ್ತದೆ. ಕಂಕುಳಿಗೆ ಹತ್ತಿರವಿರುವ ಆರ್ಮ್‌ಹೋಲಿನಲ್ಲಿ ಕೈ ಹೆಚ್ಚು ಸಲೀಸಾಗಿ ಆಡುತ್ತದೆ, ಚುಚ್ಚದಿದ್ದರೆ ಸಾಕು. ಎಲ್ಲರಿಗೂ ಹೊಂದಲೆಂದು ರೆಡಿಮೇಡಿನಲ್ಲಿ ಇದನ್ನು ಕೆಳಗೆ ಇಟ್ಟಿರುತ್ತಾರೆ. ಹೊಲಿಸಿದ ಬಟ್ಟೆಯ ನಿಜವಾದ ಲಾಭ ನಮ್ಮ ಲೆಕ್ಕದಲ್ಲಿ ಇಲ್ಲೇ ಇದೆ. ಸೊಂಟದ ಫಿಟಿಂಗ್ ಅದರ ಮುಂದೆ ಚಿಕ್ಕದು.

ಎಷ್ಟರವರೆಗೆ ಆಲ್ಟರ್ ಮಾಡಬಹುದು

ಅಂಗಿಯ ಪಕ್ಕಗಳನ್ನು ಒಟ್ಟು ಸುತ್ತಳತೆಯಲ್ಲಿ 6ರಿಂದ 8 ಸೆಂ.ಮೀ. ಒಳಗೆ ತೆಗೆದುಕೊಳ್ಳಬಹುದು. ತೋಳನ್ನು ಕಫ್ ಬಿಚ್ಚಿ 2.5 ಸೆಂ.ಮೀ.ವರೆಗೆ ಗಿಡ್ಡ ಮಾಡಬಹುದು; ಮುಂದೆ ಹೋದರೆ ಕಫ್ ಮೇಲಿನ ಸೀಳುಪಟ್ಟಿ ತೀರ ಚಿಕ್ಕದಾಗಿ, ಅದರ ಗುಂಡಿ ಕಫ್ ಹತ್ತಿರ ಬಂದು ಕೂರುತ್ತದೆ. ಪ್ಯಾಂಟಿನ ಸೊಂಟವನ್ನು 4ರಿಂದ 5 ಸೆಂ.ಮೀ. ಇಳಿಸಬಹುದು, ಅದಕ್ಕೂ ಮೀರಿದರೆ ಹಿಂದಿನ ಎರಡು ಜೇಬು ಒಂದರ ಪಕ್ಕ ಒಂದು ಬಂದುಬಿಡುತ್ತವೆ. ಉದ್ದ ಕಡಿಮೆ ಮಾಡುವುದು ಎಲ್ಲಕ್ಕಿಂತ ಸುಲಭ, ಆದರೆ ಕೆಳಗೆ ಕಿರಿದಾಗುತ್ತಾ ಹೋಗುವ ಪ್ಯಾಂಟನ್ನು 8 ಸೆಂ.ಮೀ. ಕತ್ತರಿಸಿದರೆ ಬಾಟಮ್ ಅಗಲವಾಗುತ್ತದೆ, ಅದನ್ನೂ ಕಿರಿದು ಮಾಡಲು ಹೇಳಿ.

ಸಡಿಲ ಮಾಡಿಸುವ ವಿಷಯ ಬೇರೆ. ಅಂಗಡಿಯಲ್ಲೇ ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ಮಾರ್ಜಿನ್, ಅಂದರೆ ಹೊಲಿಗೆಯ ಆಚೆ ಉಳಿಸಿದ ಬಟ್ಟೆ, ಎಷ್ಟಿದೆ ನೋಡಿ. ಎಳೆ ಬಿಚ್ಚದಂತೆ ಓವರ್‌ಲಾಕ್ ಹೊಲಿಗೆ ಹಾಕಿದ ಒಂದು ಸೆಂಟಿಮೀಟರ್ ಮಾತ್ರ ಇದ್ದರೆ ಬಿಡಿಸಲು ಏನೂ ಇಲ್ಲ. ಮಾರ್ಜಿನ್ ಇದ್ದರೂ ಬಹಳ ದಿನ ಒಗೆದ ಬಟ್ಟೆಯಲ್ಲಿ ಹಳೆಯ ಹೊಲಿಗೆಯ ತೂತು, ಮಾಸದ ಬಣ್ಣದ ಗೆರೆ ಎದ್ದು ಕಾಣುತ್ತದೆ.

ಯಾವುದಕ್ಕೆ ಯಾವುದು

ಟಿ-ಶರ್ಟ್, ಒಳಉಡುಪು, ಆಟದ ಬಟ್ಟೆ, ಮಳೆಯಂಗಿ, ಜೀನ್ಸ್ ಇವನ್ನು ರೆಡಿಮೇಡ್ ಆಗಿಯೇ ಕೊಳ್ಳಿ. ಹಿಗ್ಗುವ ಹೊಲಿಗೆ, ನೀರು ನಿಲ್ಲಿಸುವ ಟೇಪು, ದಪ್ಪ ಡೆನಿಮ್‌ನ ಜೋಡಿ ಹೊಲಿಗೆ ಇವಕ್ಕೆಲ್ಲ ಬೇರೆಬೇರೆ ಯಂತ್ರ ಬೇಕು. ಬೆಳೆಯುವ ಮಕ್ಕಳಿಗೂ, ತೂಕ ಏರಿಳಿಯುತ್ತಿರುವವರಿಗೂ ಸದ್ಯಕ್ಕೆ ರೆಡಿಮೇಡೇ ಸರಿ. ಹಿಗ್ಗದ ಬಟ್ಟೆಯ ಫಾರ್ಮಲ್ ಅಂಗಿ, ಪ್ಯಾಂಟ್, ಕೋಟು, ಮೈಗೆ ಹತ್ತಿರ ಕೂರುವ ಹೆಂಗಸರ ಮೇಲುಡುಗೆ ಇವುಗಳಲ್ಲಿ ಹೊಲಿಸಿದ್ದಕ್ಕೂ ಕೊಂಡದ್ದಕ್ಕೂ ವ್ಯತ್ಯಾಸ ದೊಡ್ಡದು.

ಇವೆರಡರ ನಡುವೆ ಒಂದು ದಾರಿಯಿದೆ: ಕಂಪನಿಯ ಸಿದ್ಧ ಪ್ಯಾಟರ್ನನ್ನು ನಿಮ್ಮ ಅಳತೆಗೆ ಹೊಂದಿಸಿ ಕತ್ತರಿಸುವುದು. ಉದ್ದ, ಸುತ್ತಳತೆ ಬದಲಾಯಿಸಲು ಇದು ಚೆನ್ನಾಗಿ ಒದಗುತ್ತದೆ. ಬೆನ್ನು ಬಾಗಿದ್ದರೆ ಅಥವಾ ಒಂದು ಭುಜ ಇಳಿದಿದ್ದರೆ ಅದನ್ನು ದಾಖಲಿಸುವ ಸೌಲಭ್ಯ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ನಿಮ್ಮ ಮೈಗೇ ಹೊಸ ಪ್ಯಾಟರ್ನ್ ಬರೆದು, ಟ್ರಯಲ್ ಕೊಡುವ ಟೈಲರ್ ಹತ್ತಿರ ಹೋಗಿ.

ಹೊಲಿಸುವಾಗ

ಬಟ್ಟೆಯ ಪನ್ನ, ಅಂದರೆ ಅಗಲ, ಎಷ್ಟೆಂದು ಮೊದಲು ಕೇಳಿ. ತುಂಬುತೋಳಿನ ಅಂಗಿಗೆ 150 ಸೆಂ.ಮೀ. ಪನ್ನದಲ್ಲಿ ಸುಮಾರು 1.6 ಮೀಟರ್, 112ರಲ್ಲಿ 2ರಿಂದ 2.2, 90ರಲ್ಲಿ 2.5 ಮೀಟರ್ ಬೇಕು. ಪ್ಯಾಂಟಿಗೆ 150ರ ಪನ್ನದಲ್ಲಿ 1.3 ಮೀಟರ್. ದೊಡ್ಡ ಚೆಕ್ಸ್ ಇದ್ದರೆ, ಅಥವಾ ನೀವು ಎತ್ತರವಿದ್ದರೆ, 20ರಿಂದ 25 ಸೆಂ.ಮೀ. ಹೆಚ್ಚು ತೆಗೆದುಕೊಳ್ಳಿ, ಪಕ್ಕದಲ್ಲೂ ಜೇಬಿನಲ್ಲೂ ಚೌಕಗಳನ್ನು ಕೂಡಿಸಲು ಬಟ್ಟೆ ವ್ಯರ್ಥವಾಗುತ್ತದೆ.

ಕುಗ್ಗುವಿಕೆಯನ್ನು ಮರೆತರೆ ಉಳಿದ ಜಾಗ್ರತೆಯೆಲ್ಲ ನೀರುಪಾಲು. ಕುಗ್ಗಿಸದ ಹತ್ತಿ ಬಟ್ಟೆ ಉದ್ದದಲ್ಲಿ ನೂರಕ್ಕೆ 3ರಿಂದ 5ರಷ್ಟು ಕುಗ್ಗಬಹುದು. ನಾಲ್ಕರಂತೆ ಹಿಡಿದರೂ 76 ಸೆಂ.ಮೀ. ಉದ್ದದ ಅಂಗಿ 3 ಸೆಂ.ಮೀ., 62ರ ತೋಳು 2.5 ಸೆಂ.ಮೀ. ಗಿಡ್ಡವಾಗುತ್ತದೆ. ನೇಯುವಾಗ ಹಾಸಿನ, ಅಂದರೆ ಉದ್ದಕ್ಕೆ ಹಾಯುವ, ಎಳೆಗಳು ಬಿಗಿದಿರುವುದರಿಂದ ಉದ್ದವೇ ಹೆಚ್ಚು ಕುಗ್ಗುತ್ತದೆ, ಅಗಲ ಕಡಿಮೆ. ಹತ್ತಿ, ಲಿನನ್ ಬಟ್ಟೆಯನ್ನು ಕೊಡುವ ಮೊದಲು ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಸಿ, ಹಿಂಡದೆ ನೆರಳಿನಲ್ಲಿ ಒಣಗಿಸಿ, ತುಸು ತೇವವಿರುವಾಗಲೇ ಇಸ್ತ್ರಿ ಮಾಡಿ. ಉಣ್ಣೆಯನ್ನು ನೆನೆಸಬಾರದು, ಆವಿ ಕೊಡಿಸಬೇಕು. ಕಾಲರ್ ಗಟ್ಟಿಯಾಗಿ ನಿಲ್ಲಲು ಒಳಗಿಡುವ ಹತ್ತಿಯ ಬಕ್ರಂ ಅನ್ನೂ ನೆನೆಸಿದ್ದಾರೆಯೇ ಎಂದು ಕೇಳಿ. ಬಟ್ಟೆ ಒಂದಷ್ಟು, ಬಕ್ರಂ ಇನ್ನೊಂದಷ್ಟು ಕುಗ್ಗಿದರೆ ಕಾಲರ್ ಸುರುಟಿಕೊಳ್ಳುತ್ತದೆ, ಯಾವ ಇಸ್ತ್ರಿಯೂ ಅದನ್ನು ಕೂರಿಸದು.

ಬಾಯಿಮಾತಿಗೆ ಬಿಡದೆ ಚೀಟಿಯಲ್ಲಿ ಬರೆಸಬೇಕಾದವು: ಪಕ್ಕದ ಹೊಲಿಗೆಯಲ್ಲಿ 2 ಸೆಂ.ಮೀ. ಮಾರ್ಜಿನ್, ಪ್ಯಾಂಟಿನ ಹಿಂಭಾಗದ ನಡುಹೊಲಿಗೆಯಲ್ಲಿ 3ರಿಂದ 4, ಕೆಳಗಿನ ಮಡಿಕೆಯಲ್ಲಿ 5. ಜೇಬು ಎಷ್ಟು, ಎಲ್ಲಿ. ಕಾಲರ್, ಕಫ್ ಯಾವ ನಮೂನೆ. ಗಡಿಯಾರ ಕಟ್ಟುವ ಕೈಯ ಕಫ್ ಒಂದು ಸೆಂಟಿಮೀಟರ್ ಸಡಿಲ.

ಟ್ರಯಲ್‌ಗೆ ಹೋಗುವಾಗ ಆ ಬಟ್ಟೆಯ ಜೊತೆ ಹಾಕುವ ಚಪ್ಪಲಿ ಅಥವಾ ಶೂ, ಒಳಉಡುಪು, ಬೆಲ್ಟ್ ಎಲ್ಲವೂ ಇರಲಿ. ನೋಡುವ ಕ್ರಮ ಮೇಲಿನಿಂದ ಕೆಳಕ್ಕೆ: ಕುತ್ತಿಗೆ, ಭುಜ, ಆರ್ಮ್‌ಹೋಲ್, ಎದೆ, ಸೊಂಟ, ಕೊನೆಗೆ ಉದ್ದಗಳು. ಭುಜವನ್ನು ಅರ್ಧ ಇಂಚು ಎತ್ತಿದರೆ ತೋಳೂ ಅಂಚೂ ಅಷ್ಟೇ ಮೇಲೇರುತ್ತವೆ. ಮೊದಲೇ ತೋಳಿನ ಉದ್ದಕ್ಕೆ ಗುರುತು ಹಾಕಿಸಿ ಆಮೇಲೆ ಭುಜ ತಿದ್ದಿಸಿದವರಿಗೆ ತೋಳು ಗಿಡ್ಡವಾಗುವುದು ಹೀಗೆ. ‘ಹೊಲಿದ ಮೇಲೆ ಸರಿಹೋಗುತ್ತದೆ’ ಎಂಬ ಮಾತಿಗೆ ಒಪ್ಪಬೇಡಿ. ಕಚ್ಚಾ ಹೊಲಿಗೆಯಲ್ಲಿ ಕಾಣುವ ಎಳೆತ ಪಕ್ಕಾ ಹೊಲಿಗೆಯಲ್ಲೂ ಇರುತ್ತದೆ. ಪಿನ್ ಚುಚ್ಚಿಸಿ, ಚಾಕ್ ಗುರುತು ಹಾಕಿಸಿಯೇ ಬನ್ನಿ.

ಹೊಸ ಟೈಲರ್ ಹತ್ತಿರ ಮೊದಲ ಸಲ ಒಂದೇ ಒಂದು ಹೊಲಿಸಿ. ಎರಡು ವಾರ ತೊಟ್ಟು, ಮೂರು ಸಲ ಒಗೆದು, ಎಲ್ಲಿ ಚುಚ್ಚುತ್ತದೆ, ಎಲ್ಲಿ ಎಳೆಯುತ್ತದೆ ಎಂದು ಬರೆದಿಟ್ಟು, ಆ ಬಟ್ಟೆಯನ್ನು ತೊಟ್ಟುಕೊಂಡೇ ಅವರಲ್ಲಿಗೆ ಹೋಗಿ. ತಿದ್ದುಪಡಿಯಾದ ಪ್ಯಾಟರ್ನನ್ನು ನಿಮ್ಮ ಹೆಸರು, ದಿನಾಂಕ ಬರೆದು ತೆಗೆದಿಡಲು ಹೇಳಿ, ಆಮೇಲೆ ಉಳಿದವನ್ನು ಕೊಡಿ. ಎದೆ ಅಥವಾ ಸೊಂಟದ ಸುತ್ತಳತೆ 4 ಸೆಂ.ಮೀ. ಬದಲಾಗಿದ್ದರೆ ಆ ಹಳೆಯ ಅಳತೆಗೆ ಹೊಲಿಸದೆ ಹೊಸದಾಗಿ ಅಳೆಸಿ.